ಶಾಲೆ ಬಿಟ್ಟ ಮೇಲೆ ಮಗ ಎಲ್ಲಿರುತ್ತಾನೆ?

ಪ್ರಶ್ನೆ: ನಮ್ಮ ಮನೆ ಗೋಣಿಕೊಪ್ಪದ ಹತ್ತಿರ. ಮಗ ಒಂಬತ್ತನೇ ಕ್ಲಾಸ್. ಮೊನ್ನೆ ಮೂವರು ಗೆಳೆಯರ ಜೊತೆ ಸೇರಿ ಪಕ್ಕದ ತೋಟದವರ ಕಣದಿಂದ ಒಂದು ಚೀಲ ಕಾಫಿ ಕದ್ದು, ನಮ್ಮ ಸ್ಕೂಟರಿನಲ್ಲೇ ಸಾಗಿಸಿ ಮಾರಿದ್ದಾನೆ. ತೋಟದವರು ಪೊಲೀಸರಿಗೆ ಹೇಳದೆ ನಮ್ಮನ್ನೇ ಕರೆಸಿದರು. ನಾನು ಅಂಗಡಿ ಕೆಲಸ ಮುಗಿಸಿ ಮನೆ ಸೇರುವಾಗ ಏಳು ಗಂಟೆ. ಯಜಮಾನರು ಲಾರಿ ಡ್ರೈವರ್. ‘ಗೆಳೆಯರೇ ಹಾಳು ಮಾಡಿದ್ದು, ಮೈಸೂರಿನ ಹಾಸ್ಟೆಲ್‌ಗೆ ಹಾಕೋಣ’ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಹಾಸ್ಟೆಲ್ ಮಾತು ಸದ್ಯಕ್ಕೆ ಬೇಡ. ಅಲ್ಲಿ ಗೆಳೆಯರು ಇನ್ನೂ ಜಾಸ್ತಿ, ಅಲ್ವಾ? ನೀವು ನೋಡಬೇಕಾದ್ದು ಶಾಲೆ ಬಿಟ್ಟ ಮೇಲೆ ಏಳು ಗಂಟೆಯವರೆಗಿನ ಹೊತ್ತನ್ನು.

ಅಮೆರಿಕದಲ್ಲಿ ವೇಯ್ನ್ ಆಸ್‌ಗುಡ್ ಮತ್ತು ಸಂಗಡಿಗರು 18ರಿಂದ 26 ವರ್ಷದವರ ದಿನಚರಿ ನೋಡಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜೊತೆಗೆ ಗೆಳೆಯರಿದ್ದು, ಹತ್ತಿರ ಹಿರಿಯರಿಲ್ಲದೆ, ಮಾಡಲು ಇಂಥದ್ದೇ ಕೆಲಸವೂ ಇಲ್ಲದೆ ಹೊತ್ತು ಕಳೆಯುವವರಲ್ಲಿ ತಪ್ಪು ಕೆಲಸ ಜಾಸ್ತಿ ಕಂಡಿತು. ಸುಮ್ನೆ ಗಾಡಿಯಲ್ಲಿ ಸುತ್ತುವುದೂ ಅದರಲ್ಲಿ ಸೇರಿತ್ತು. ಅವರ ಪ್ರಕಾರ, ಗೆಳೆಯರು ಕೆಟ್ಟವರೇ ಆಗಿರಬೇಕಿಲ್ಲ. ನಿಮ್ಮ ಮಗನ ವಯಸ್ಸು ಚಿಕ್ಕದು, ಆದರೆ ಕಥೆ ಹೊಂದುತ್ತದೆ. ಸೀಸನ್‌ನಲ್ಲಿ ಕಣದ ತುಂಬ ಕಾಫಿ, ಕಾವಲಿಗೆ ಯಾರಿಲ್ಲ, ಹುಡುಗರು ತಂದರೂ ಎಲ್ಲಿಂದ ಅಂತ ಕೇಳದೆ ಕೊಳ್ಳುವವರು ಬೇರೆ. (ಅವರಿಗೂ ಬೈಯಬೇಕು ಅನ್ನಿಸುತ್ತದೆ ನನಗೆ.)

ಮೊದಲು ಯಜಮಾನರು ರಜೆಯಲ್ಲಿ ಬಂದಾಗ ಮಗನನ್ನು ಕರೆದುಕೊಂಡು ತೋಟದವರ ಮನೆಗೆ ಹೋಗಲಿ. ಕ್ಷಮೆ ಕೇಳುವುದು ಮಗನೇ. ದುಡ್ಡು ನೀವು ಕೊಟ್ಟು ಮುಗಿಸಬೇಡಿ, ಅವನ ಖರ್ಚಿನ ಹಣದಲ್ಲಿ ತಿಂಗಳು ತಿಂಗಳು ತೀರಲಿ.

ಸ್ಕೂಟರ್ ಕೀ ಇವತ್ತೇ ತೆಗೆದಿಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ, ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು.

ಗೆಳೆತನ ಬಿಡಿಸಲು ಹೋಗಬೇಡಿ, ಕದ್ದು ಸೇರುತ್ತಾರೆ. ನಿಮ್ಮ ಊರಲ್ಲಿ ಹಾಕಿ ಆಟ ಕಲಿಸುವವರು ಸಿಗದೇ ಇರುವುದಿಲ್ಲ. ನಾಲ್ವರನ್ನೂ ಅಲ್ಲಿಗೇ ಸೇರಿಸಿ. ಆಟ ಮುಗಿಸಿ ಕತ್ತಲಾಗುವ ತನಕ ಗ್ರೌಂಡಿನಲ್ಲೇ ಕೂತರೆ ಮಾತ್ರ ಮತ್ತೆ ಹಳೇ ಹಾಡು. ಆಟ ಇಲ್ಲದ ದಿನ ಅಜ್ಜಿಯೋ ಚಿಕ್ಕಮ್ಮನೋ ಇರುವ ಮನೆಯಲ್ಲಿ ಓದಿಕೊಳ್ಳಲಿ. ಉಳಿದ ಮೂವರ ತಾಯಂದಿರ ಜೊತೆ ಮಾತಾಡಿ, ದಿನ ಹಂಚಿಕೊಳ್ಳಿ.

ಮತ್ತೆ ಕದ್ದರೆ, ಅಥವಾ ಗಾಂಜಾ, ಕುಡಿತದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.