ಗಿಡ ಚೆನ್ನಾಗಿದೆ, ಹೂವು ಮಾತ್ರ ಇಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು, ನರ್ಸರಿಯಿಂದ ತಂದಾಗ ತುಂಬ ಹೂವಿತ್ತು ಆಮೇಲೆ ಬಿಡ್ಲೇ ಇಲ್ಲ ಅಂತ. ಅದಕ್ಕೇ ಮೊದಲನೇ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬರೆದಿದೀನಿ, ಉಳಿದವರೂ ಅದನ್ನ ಓದ್ಕೊಳ್ಳಿ.

ಮೇಡಂ, ಎರಡು ವರ್ಷದ ಹಿಂದೆ ಸಿದ್ಧಾಪುರದ ನರ್ಸರಿ ಸಾಲಲ್ಲಿ ಕೆಂಪು ಆಂಥೂರಿಯಂ ತಗೊಂಡೆ. ಆಗ ಐದು ಹೂವಿತ್ತು, ಈಗ ಬರೀ ಎಲೆ. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದೀನಿ, ಬೆಳಕು ಚೆನ್ನಾಗೇ ಇದೆ. ವಾರಕ್ಕೊಂದು ಸಲ ನೀರು, ತಿಂಗಳಿಗೊಂದು ಸಲ ಗೊಬ್ಬರ ಹಾಕ್ತೀನಿ. ಇನ್ನೇನು ಮಾಡ್ಲಿ? (ರಾಜಾಜಿನಗರ)

ಟಿವಿ ಪಕ್ಕದಿಂದ ಎತ್ತಿ ಮೊದಲು. ಬೆಳಕು ಚೆನ್ನಾಗಿದೆ ಅಂತ ನಿಮಗೆ ಅನ್ಸೋದು ನಿಮ್ಮ ಕಣ್ಣಿಗೆ, ಕಣ್ಣು ಕತ್ತಲಿಗೂ ಒಗ್ಗಿಕೊಳ್ಳುತ್ತೆ, ಗಿಡಕ್ಕೆ ಆ ಉಪಾಯ ಇಲ್ಲ. ಮಧ್ಯಾಹ್ನದ ಬಿಸಿಲು ಹೊರಗಡೆ ಹೆಚ್ಚುಕಮ್ಮಿ 1 ಲಕ್ಷ ಲಕ್ಸ್ (ಬೆಳಕು ಅಳೆಯೋ ಮಾನ) ಇದ್ರೆ ನಮ್ಮ ಹಾಲ್ ಮಧ್ಯದಲ್ಲಿ 200-300 ಸಿಕ್ಕಿದ್ರೆ ಹೆಚ್ಚು. ಅಷ್ಟರಲ್ಲಿ ಎಲೆ ಬದುಕುತ್ತೆ ಅಷ್ಟೆ, ಹೂವು ಬಿಡೋ ಶಕ್ತಿ ಎಲ್ಲಿಂದ ಬರಬೇಕು? ಮಧ್ಯಾಹ್ನ 12 ಗಂಟೆಗೆ ಗಿಡದ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು ಒಂದು ಅಡಿ ಮೇಲೆ ಕೈ ಹಿಡಿದು ನೋಡಿ. ಬೆರಳು ಬೆರಳೇ ಗುರುತು ಸಿಗೋ ಹಾಗೆ ನೆರಳು ಬಿದ್ರೆ ಹೂವಿನ ಗಿಡ ಇಡಬಹುದು, ಮಸುಕು ಮಸುಕಾಗಿ ಬಿದ್ರೆ ಬರೀ ಎಲೆ ಗಿಡ, ನೆರಳೇ ಬೀಳ್ಲಿಲ್ಲ ಅಂದ್ರೆ ಅಲ್ಲಿ ಫೋಟೋ ಫ್ರೇಮ್ ಇಡೋದೇ ವಾಸಿ.

ಯಾವ ಕಿಟಕಿ ಅಂತ ಕೇಳ್ತೀರ. ಇಂಗ್ಲೆಂಡು ಅಮೆರಿಕದೋರು ಬರೆದಿರೋದು ಓದಿ ವರ್ಷಪೂರ್ತಿ ದಕ್ಷಿಣದ ಕಿಟಕಿಯೇ ಬೆಸ್ಟ್ ಅಂತ ಇಲ್ಲೂ ಹೇಳ್ತಾರೆ, ಬೆಂಗಳೂರಿಗೆ ಅದು ಹೊಂದಲ್ಲ. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರ್ತಾನೆ, ಅದನ್ನೇ ಶೂನ್ಯ ನೆರಳಿನ ದಿನ ಅಂತಾರೆ. ಇವೆರಡರ ಮಧ್ಯೆ ಅವನು ಉತ್ತರಕ್ಕೆ ವಾಲಿರ್ತಾನೆ, ಹಾಗಾಗಿ ಮೇ ಜೂನಲ್ಲಿ ನಮ್ಮ ಉತ್ತರದ ಕಿಟಕಿಗೂ ಬೆಳಿಗ್ಗೆ ಸಂಜೆ ಓರೆಯಾಗಿ ಬಿಸಿಲು ಬರುತ್ತೆ, ಡಿಸೆಂಬರಲ್ಲಿ ದಕ್ಷಿಣದ ಕಿಟಕಿಯಿಂದ ಒಳಗೆ ಸೋಫಾ ತನಕ ಬರುತ್ತೆ. ಅಂದ್ರೆ ಗಿಡನೂ ವರ್ಷಕ್ಕೆರಡು ಸಲ ಜಾಗ ಬದಲಾಯಿಸ್ಬೇಕು. ಅದೆಲ್ಲ ಆಗಲ್ಲ ಅನ್ನೋರು ಪೂರ್ವದ ಕಿಟಕಿ ಹಿಡ್ಕೊಳ್ಳಿ, ಎಳೇ ಬಿಸಿಲು ಸಾಕಷ್ಟು ಸಿಗುತ್ತೆ, ಎಲೆ ಸುಡಲ್ಲ. ಪಶ್ಚಿಮದ್ದಾದ್ರೆ ಮಾರ್ಚ್ ಏಪ್ರಿಲಲ್ಲಿ ತೆಳು ಕರ್ಟನ್ ಬೇಕೇ ಬೇಕು.

ಆಂಥೂರಿಯಂ ಬಗ್ಗೆ ಇನ್ನೊಂದು ವಿಷಯ. ಕೆಂಪಗೆ ಹೊಳೆಯೋದು ಹೂವಲ್ಲ, ಅದು ರೂಪ ಬದಲಿಸಿಕೊಂಡಿರೋ ಎಲೆ, ಮಧ್ಯೆ ಬಾಲದ ಥರ ಇದೆಯಲ್ಲ ಅದರ ಮೈತುಂಬ ಅಂಟಿಕೊಂಡಿರೋದು ನಿಜವಾದ ಹೂಗಳು. ಪ್ರತಿ ಎಲೆಯ ಬುಡದಲ್ಲೂ ಒಂದು ಮೊಗ್ಗು ಬರೋ ಜಾಗ ಇರುತ್ತೆ, ಅಂದ್ರೆ ನಿಮ್ಮ ಗಿಡ ಹೊಸ ಎಲೆ ಬಿಡ್ತಿದ್ರೆ ಹೂವಿನ ಆಸೆ ಇನ್ನೂ ಇದೆ. ಹತ್ತು ಹನ್ನೆರಡು ದಿನದಲ್ಲಿ ನಿಧಾನವಾಗಿ ಕಿಟಕಿ ಹತ್ರ ಸರಿಸಿ, ಹೊಸ ಎಲೆ ಬರೋ ತನಕ ಗೊಬ್ಬರ ನಿಲ್ಸಿ. ವಾರಕ್ಕೊಂದು ಸಲ ಅನ್ನೋ ಲೆಕ್ಕನೂ ಬಿಡಿ, ಬೆರಳು ಎರಡು ಗಿಣ್ಣು ಒಳಗೆ ಹಾಕಿ, ಒಣಗಿದೆ ಅನ್ಸಿದ್ರೆ ಮಾತ್ರ ನೀರು.

ಜನವರಿಯಲ್ಲಿ ಲಾಲ್‌ಬಾಗ್ ಫ್ಲವರ್ ಶೋ ನೋಡ್ಕೊಂಡು ಬರುವಾಗ ಕಲಾಂಚೋ ತಂದೆ. ಮುಂದಿನ ವರ್ಷ ಒಂದು ಮೊಗ್ಗೂ ಇಲ್ಲ. ಕಿಟಕಿಯಲ್ಲೇ ಇದೆ, ಬಿಸಿಲೂ ಬೀಳುತ್ತೆ. (ಬಿಟಿಎಂ ಲೇಔಟ್)

ಹಗಲು ಸರಿ ಇದೆ, ರಾತ್ರಿ ನೋಡಿದ್ರಾ? ಕಲಾಂಚೋ ಕತ್ತಲನ್ನ ಲೆಕ್ಕ ಹಾಕೋ ಗಿಡ. ದಿನಾ ಸುಮಾರು 14 ಗಂಟೆ ಪೂರ್ತಿ ಕತ್ತಲು, ಆರು ವಾರ ಬಿಡದೆ ಸಿಕ್ಕಿದ್ರೆ ಮೊಗ್ಗು ಕಟ್ಟುತ್ತೆ. ನಮ್ಮೂರಲ್ಲಿ ಡಿಸೆಂಬರಿನ ಅತಿ ಉದ್ದದ ರಾತ್ರಿನೂ ಹನ್ನೆರಡೂವರೆ ಗಂಟೆ ಚಿಲ್ಲರೆ ಅಷ್ಟೆ, ಅದರಲ್ಲೂ ನೀವು ಹನ್ನೊಂದರ ತನಕ ಟ್ಯೂಬ್‌ಲೈಟ್ ಹಾಕಿದ್ರೆ, ಹೊರಗಿಂದ ಬೀದಿ ದೀಪ ಬೀಳ್ತಿದ್ರೆ, ಅದಕ್ಕೆ ರಾತ್ರಿ ಆಯ್ತು ಅಂತಲೇ ಗೊತ್ತಾಗಲ್ಲ. ಅಕ್ಟೋಬರ್ ಶುರುವಿನಿಂದ ಸಂಜೆ 5ಕ್ಕೆ ಮೇಲೆ ಒಂದು ರಟ್ಟಿನ ಡಬ್ಬ ಕವುಚಿ, ಬೆಳಿಗ್ಗೆ 7ಕ್ಕೆ ತೆಗೀರಿ, ಹಗಲೆಲ್ಲಾ ಬಿಸಿಲು. ಮಧ್ಯೆ ಒಂದೆರಡು ದಿನ ಮರೀಬೇಡಿ ದಯವಿಟ್ಟು, ಊರಿಗೆ ಹೋಗೋದಿದ್ರೆ ಪಕ್ಕದ ಮನೆಯೋರಿಗೆ ಹೇಳಿ. ಮೊಗ್ಗು ಕಣ್ಣಿಗೆ ಕಂಡ ಮೇಲೆ ಡಬ್ಬ ಬೇಡ.

ಅಕ್ಕ, ಅಮ್ಮನ ಮನೆಯಿಂದ ಬ್ರಹ್ಮಕಮಲದ ಎಲೆ ತಂದು ನೆಟ್ಟು ಮೂರು ವರ್ಷ ಆಯ್ತು. ಉದ್ದುದ್ದ ಬೆಳೀತಿದೆ, ಹೂವಿಲ್ಲ. ಮಡಿಯಲ್ಲಿ ನೋಡ್ಕೋಬೇಕು ಇಲ್ಲಾಂದ್ರೆ ಬಿಡಲ್ಲ ಅಂತಾರೆ ಅತ್ತೆ. (ಬನಶಂಕರಿ)

ಅತ್ತೆಯವರ ಭಕ್ತಿ ಅವರದು, ಅದಕ್ಕೆ ನಾನೇನೂ ಅನ್ನಲ್ಲಮ್ಮ. ಆದ್ರೆ ಹಿಮಾಲಯದ ಬ್ರಹ್ಮಕಮಲನೇ ಬೇರೆ, ಅದು ಉತ್ತರಾಖಂಡದ ರಾಜ್ಯ ಪುಷ್ಪ. ನಮ್ಮ ಮನೆಗಳಲ್ಲಿರೋದು ಮೆಕ್ಸಿಕೋ ಕಡೆಯಿಂದ ಬಂದ ಒಂದು ಜಾತಿ ಕಳ್ಳಿ, ಅಲ್ಲಿ ಮರದ ಮೇಲೆ ಬೆಳೆಯುತ್ತೆ. ನೀವು ಎಲೆ ಅಂತ ನೆಟ್ಟಿದ್ದು ಎಲೆ ಅಲ್ಲ, ಚಪ್ಪಟೆ ಕಾಂಡ. ಮರದ ಮೇಲಿನ ಗಿಡ ಆದ್ದರಿಂದ ದೊಡ್ಡ ಕುಂಡ, ತುಂಬ ಕೆಮ್ಮಣ್ಣು ಎರಡೂ ಬೇಡ. ಚಿಕ್ಕ ಕುಂಡದಲ್ಲಿ ಬೇರು ಒತ್ತಾಗಿರ್ಲಿ, ತೆಂಗಿನ ಸಿಪ್ಪೆ ಚೂರು, ಇದ್ದಿಲು, ಎರೆಗೊಬ್ಬರ ಸೇರಿಸಿದ ಹಗುರ ಮಣ್ಣು ಸಾಕು. ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ಸಿಗೋ ಕಡೆ ಇಡಿ, ಮೊಗ್ಗು ಕಾಣಿಸಿದ ಮೇಲೆ ಕುಂಡ ಅಲ್ಲಾಡಿಸ್ಬೇಡಿ, ಉದುರಿ ಹೋಗುತ್ತೆ.

ನಮ್ಮ ದೊಡ್ಡಮ್ಮನ ಮನೆ ಬಸವನಗುಡಿಯಲ್ಲಿತ್ತು, ಮಳೆಗಾಲದಲ್ಲಿ ಮೊಗ್ಗು ಕೆಳಗೆ ಜೋತು ಬಿದ್ದಿದ್ದು ಒಂದು ದಿನ ಕತ್ತು ಮೇಲೆತ್ತಿ ಉಬ್ಬಿಕೊಳ್ಳೋದು, ಅವತ್ತು ಬೀದಿಗೆಲ್ಲ ಸುದ್ದಿ. ಎಂಟು ಗಂಟೆಗೆ ತುದಿ ಬಿರಿದು ಹೊರಗಿನ ಸಣ್ಣ ಎಸಳು ಒಂದೊಂದೇ ಹಿಂದಕ್ಕೆ ಬಾಗೋದು, ಹತ್ತೂವರೆ ಹೊತ್ತಿಗೆ ಅಂಗೈ ಅಗಲ ಅರಳಿ ಪಡಸಾಲೆ ತುಂಬ ಘಮ, ದೊಡ್ಡಮ್ಮ ಆರತಿ ಎತ್ತೋರು, ನಾವು ಮಕ್ಕಳು ನಿದ್ದೆ ಬಿಟ್ಟು ಕೂತಿರ್ತಿದ್ವಿ. ಬೆಳಿಗ್ಗೆ ನೋಡಿದ್ರೆ ಒದ್ದೆ ಬಟ್ಟೆ ಥರ ನೇತಾಡ್ತಿರೋದು. ನಿಮ್ಮದಕ್ಕೆ ಮೂರು ವರ್ಷ ಅಂದ್ರೆ ವಯಸ್ಸು ಬಂದಿದೆ, ಈ ಮಳೆಗಾಲ ಗಮನ ಇಟ್ಟು ನೋಡ್ತಿರಿ.

ಪೀಸ್ ಲಿಲಿ ಎಲೆ ತುದಿ ಕಂದು ಬಣ್ಣಕ್ಕೆ ತಿರುಗ್ತಿದೆ, ಮಣ್ಣಿನ ಮೇಲೆ ಬಿಳಿ ಪುಡಿ. ನೀರು ವೇಸ್ಟ್ ಆಗ್ಬಾರ್ದು ಅಂತ ಆರ್‌ಓ ಮಷೀನಿಂದ ಹೊರಗೆ ಬರೋ ನೀರನ್ನೇ ಹಾಕ್ತೀವಿ. (ವೈಟ್‌ಫೀಲ್ಡ್)

ನೀರು ಉಳಿಸೋ ಮನಸ್ಸು ದೊಡ್ಡದು, ಆದ್ರೆ ಆ ನೀರಲ್ಲಿ ಬೋರ್‌ವೆಲ್ಲಿನ ಉಪ್ಪೆಲ್ಲ ಇನ್ನೂ ಗಟ್ಟಿಯಾಗಿ ಸೇರಿರುತ್ತೆ. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ, ಕುಂಡಕ್ಕೆ ಬೇಡ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರೂ ಒಳ್ಳೇದಲ್ಲ, ಗಡಸು ತೆಗೆಯೋದಕ್ಕೆ ಅದರಲ್ಲಿ ಸೋಡಿಯಂ ಬಿಟ್ಟಿರ್ತಾರೆ. ಮಳೆ ನೀರು ಒಂದು ಬಕೆಟ್ ಹಿಡಿದಿಟ್ಕೊಳ್ಳಿ, ಇಲ್ಲಾಂದ್ರೆ ಕಾವೇರಿ ನೀರು, ಅದೂ ಇಲ್ಲಾಂದ್ರೆ ಕುಡಿಯೋ ನೀರೇ ಅರ್ಧ ಚೊಂಬು. ಈಗ ಮೇಲಿನ ಬಿಳಿ ಪದರ ಕೆರೆದು ತೆಗೆದು, ಕುಂಡನ ಸಿಂಕಲ್ಲಿಟ್ಟು ಒಳ್ಳೆ ನೀರು ನಿಧಾನವಾಗಿ ಹೊಯ್ದು ತಳದಿಂದ ಪೂರ್ತಿ ಸೋರಿ ಹೋಗೋಕೆ ಬಿಡಿ, ಎರಡು ಮೂರು ಸಲ. ಕಂದಾದ ತುದಿ ಮತ್ತೆ ಹಸಿರಾಗಲ್ಲ, ಹೊಸ ಎಲೆ ನೋಡಿ ಸರಿ ಹೋಯ್ತಾ ಇಲ್ವಾ ತಿಳ್ಕೊಳ್ಳಿ.

ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರಾಡ್ತವೆ. (ಯಲಹಂಕ)

ನೀರು ಜಾಸ್ತಿ ಆಗಿದೆ. ಅವುಗಳ ಮರಿಹುಳ ಒದ್ದೆ ಮೇಲ್ಮಣ್ಣಲ್ಲೇ ಬದುಕೋದು, ಮೇಲಿನ ಒಂದೂವರೆ ಇಂಚು ಒಣಗೋ ತನಕ ನೀರು ಹಾಕ್ಬೇಡಿ, ಹಳದಿ ಅಂಟು ಕಾರ್ಡ್ ಒಂದು ಚುಚ್ಚಿ. ಅಲಂಕಾರದ ಹೊರಕುಂಡ ಇದ್ರೆ ಎತ್ತಿ ನೋಡಿ, ತಳದಲ್ಲಿ ನೀರು ನಿಂತಿರುತ್ತೆ. ಕೊಳೆತ ವಾಸನೆ ಬಂದ್ರೆ ಗಿಡ ಹೊರಗೆ ತೆಗೆದು ಕಪ್ಪಾಗಿ ಲೊಳಲೊಳ ಅನ್ನೋ ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ.

ಮನೆಯಲ್ಲಿ ಬೆಕ್ಕಿದೆ, ಎಲ್ಲಾ ಎಲೆನೂ ಕಚ್ಚುತ್ತೆ. ಯಾವ ಹೂವಿನ ಗಿಡ ಇಡಬಹುದು? (ಮಲ್ಲೇಶ್ವರಂ)

ಹೂಗುಚ್ಛದಲ್ಲಿ ಬರೋ ನಿಜವಾದ ಲಿಲ್ಲಿ ಮನೆಯೊಳಗೇ ತರಬೇಡಿ, ಅದರ ಪರಾಗ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಹೋಗುತ್ತೆ. ಪೀಸ್ ಲಿಲಿ, ಆಂಥೂರಿಯಂ ಅಷ್ಟು ಅಪಾಯ ಅಲ್ಲ, ಆದ್ರೂ ಬಾಯಿ ಉರಿದು ಜೊಲ್ಲು ಸುರಿಸುತ್ತೆ. ಕಲಾಂಚೋನೂ ವಿಷವೇ. ನಿಮಗೆ ಆಫ್ರಿಕನ್ ವಯೊಲೆಟ್, ಇಲ್ಲಾ ಫಲನಾಪ್ಸಿಸ್ ಆರ್ಕಿಡ್ ಸರಿ, ಎರಡೂ ಬೆಕ್ಕಿಗೆ ವಿಷ ಅಲ್ಲ, ಎರಡಕ್ಕೂ ಪೂರ್ವದ ಕಿಟಕಿ ಇಷ್ಟ. ವಯೊಲೆಟ್‌ಗೆ ಎಲೆ ಮೇಲೆ ತಣ್ಣೀರು ಬೀಳದ ಹಾಗೆ ತಟ್ಟೆಯಲ್ಲಿ ನೀರಿಟ್ಟು ಕೆಳಗಿಂದ ಕುಡಿಸಿ, ಅರ್ಧ ಗಂಟೆ ಬಿಟ್ಟು ಉಳಿದಿದ್ದು ಚೆಲ್ಲಿ.