ಅಂಗಿ ಗುಂಡಿ ಹಾಕಲು ಒದ್ದಾಡುವ ಮಗ: ಅಸೆಸ್‌ಮೆಂಟ್‌ನಲ್ಲಿ ಏನು ನೋಡುತ್ತಾರೆ?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯ ವಿದ್ಯಾನಗರದವರು. ಮಗನಿಗೆ ಆರೂವರೆ ವರ್ಷ, ಒಂದನೇ ಕ್ಲಾಸ್. ಮಾತು ಚುರುಕು, ಲೆಕ್ಕ ಬಾಯಲ್ಲೇ ಹೇಳುತ್ತಾನೆ. ಆದರೆ ಅಂಗಿ ಗುಂಡಿ ಹಾಕಿಕೊಳ್ಳಲು ಬರಲ್ಲ. ಪೆನ್ಸಿಲ್ ಒತ್ತಿ ಒತ್ತಿ ಮೊನೆ ಮುರಿಯುತ್ತಾನೆ. ನಡೆಯುವಾಗ ಬಾಗಿಲು, ಕುರ್ಚಿಗೆ ತಾಗುತ್ತಾನೆ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ದುಗ್ಗಮ್ಮನ ಜಾತ್ರೆಯಲ್ಲಿ ಡೊಳ್ಳಿನ ಸದ್ದಿಗೆ ಅತ್ತು ಅತ್ತು ವಾಂತಿ ಮಾಡಿಕೊಂಡ. ಉಗುರು ಕತ್ತರಿಸಲು ಮೂರು ಜನ ಹಿಡಿಯಬೇಕು. ಟೀಚರ್ ಅಸೆಸ್‌ಮೆಂಟ್ ಮಾಡಿಸಿ ಅಂದಿದ್ದಾರೆ. ನಮ್ಮ ಅತ್ತೆ "ಅವನಪ್ಪನೂ ಹಿಂಗೇ ಇದ್ದ, ಸುಮ್ನಿರು" ಅಂತಾರೆ. ಅಲ್ಲಿ ಏನು ಮಾಡುತ್ತಾರೆ? ಮಗುವಿಗೆ ಯಾವುದಾದರೂ ಕಾಯಿಲೆಯ ಹೆಸರು ಅಂಟಿಸಿಬಿಡುತ್ತಾರಾ?

ಉತ್ತರ: ಲೆಕ್ಕ ಬಾಯಲ್ಲೇ ಹೇಳುವ ಹುಡುಗ ಗುಂಡಿ ಹಾಕದಿದ್ದರೆ ದೊಡ್ಡವರಿಗೆ ಅನಿಸುವುದು ಒಂದೇ, ಇದು ಸೋಮಾರಿತನ, ಹಠ. ಆ ಎರಡು ಮಾತನ್ನು ಮನೆಯಲ್ಲಿ ಇವತ್ತೇ ಬಿಟ್ಟುಬಿಡಿ. ನೀವು ಬರೆದ ಎಲ್ಲವನ್ನೂ ಒಟ್ಟಿಗೆ ಓದಿದರೆ, ಅವನಿಗೆ ಅದು ನಿಜವಾಗಿಯೂ ಕಷ್ಟವಾಗುತ್ತಿದೆ ಎಂದೇ ನನಗನಿಸುತ್ತದೆ.

ನೀವೇ ಒಮ್ಮೆ ಕುತ್ತಿಗೆಯ ಹತ್ತಿರದ ಗುಂಡಿ ಹಾಕಿ ನೋಡಿ. ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಕೈ ಬಟ್ಟೆ ಹಿಡಿಯಬೇಕು, ಇನ್ನೊಂದು ಕೈ ಗುಂಡಿ ತೂರಿಸಬೇಕು. ಬೆರಳು ಎಲ್ಲಿದೆ, ಎಷ್ಟು ಒತ್ತುತ್ತಿದೆ ಎಂಬ ಸುದ್ದಿಯನ್ನು ಸ್ನಾಯು ಮತ್ತು ಕೀಲುಗಳು ಮೆದುಳಿಗೆ ಕಳಿಸುತ್ತಲೇ ಇರಬೇಕು. ಶಾಲೆಯಲ್ಲಿ ಐದು ಇಂದ್ರಿಯ ಅಂತ ಕಲಿಸುತ್ತಾರೆ ಅಲ್ವಾ? ಈ ಸ್ನಾಯು-ಕೀಲಿನ ಅರಿವು ಮತ್ತು ಒಳಕಿವಿಯಲ್ಲಿರುವ ಸಮತೋಲನದ ಅರಿವು ಆ ಪಟ್ಟಿಯಲ್ಲಿ ಇರುವುದಿಲ್ಲ. ಒತ್ತಡದ ಸುದ್ದಿ ಸರಿಯಾಗಿ ಸಿಗದ ಮಗು ಪೆನ್ಸಿಲ್ಲನ್ನು ಜಾಸ್ತಿ ಒತ್ತುತ್ತದೆ. ಸದ್ದು, ಸ್ಪರ್ಶ ವಿಪರೀತವಾಗಿ ನಾಟುವ ಮಗುವಿಗೆ ಮಿಕ್ಸಿ, ನೇಲ್ ಕಟರ್ ಎರಡೂ ಹಿಂಸೆ. ಈ ಎಲ್ಲ ಸುದ್ದಿಯನ್ನು ಮೆದುಳು ಹೇಗೆ ಜೋಡಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ವಿವರವಾಗಿ ಬರೆದವರು ಜೀನ್ ಏರ್ಸ್. ಅವರು ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಊಟ, ಬಟ್ಟೆ, ಬರವಣಿಗೆಯಂಥ ದಿನದ ಕೆಲಸ ಮಾಡಲು ಕಲಿಸುವವರು. ಈ ಕುರಿತ ಅವರ ಪುಸ್ತಕ ಬಂದದ್ದು 1972ರಲ್ಲಿ.

ನಿಮ್ಮ ಮಗನ ಅಸೆಸ್‌ಮೆಂಟ್ ಮಾಡುವವರೂ ಆಕ್ಯುಪೇಶನಲ್ ಥೆರಪಿಸ್ಟೇ. ಅದರಲ್ಲಿ ಸೂಜಿ, ಸ್ಕ್ಯಾನ್ ಏನೂ ಇಲ್ಲ. ಮೊದಲ ಹೊತ್ತೆಲ್ಲ ನಿಮ್ಮ ಜೊತೆ ಮಾತು. ಹೆರಿಗೆ ಹೇಗಾಯಿತು, ಕತ್ತು ನಿಂತಿದ್ದು, ನಡೆದಿದ್ದು ಯಾವಾಗ, ಊಟ, ನಿದ್ದೆ, ಸ್ನಾನ ಹೇಗೆ ಎಂದೆಲ್ಲ ಕೇಳುತ್ತಾರೆ. ಆಮೇಲೆ ಮಗುವಿನ ಸರದಿ. ಒಂಟಿ ಕಾಲಲ್ಲಿ ನಿಲ್ಲಿಸುತ್ತಾರೆ, ಕುಂಟಿಸುತ್ತಾರೆ, ಚೆಂಡು ಹಿಡಿಸುತ್ತಾರೆ. ಮಣಿ ಪೋಣಿಸುವುದು, ಕತ್ತರಿಯಿಂದ ಗೆರೆಯ ಮೇಲೆ ಕತ್ತರಿಸುವುದು, ಚೌಕ, ತ್ರಿಕೋನ ನೋಡಿ ಬರೆಯುವುದು ಇರುತ್ತದೆ. ಹೊಟ್ಟೆಯ ಮೇಲೆ ಮಲಗಿ ವಿಮಾನದ ಹಾಗೆ ಕೈಕಾಲು, ತಲೆ ಎತ್ತು ಅನ್ನುತ್ತಾರೆ. ಕಣ್ಣು ಮುಚ್ಚಿಸಿ ಯಾವ ಬೆರಳು ಮುಟ್ಟಿದೆ ಹೇಳು ಅನ್ನುತ್ತಾರೆ. ಮಗುವಿಗೆ ಇದೆಲ್ಲ ಆಟ. ನೋಡುವವರು ಮಾತ್ರ ಬರೀ ಬರುತ್ತದೆಯೋ ಇಲ್ಲವೋ ಅಂತ ನೋಡುವುದಿಲ್ಲ, ಹೇಗೆ ಮಾಡುತ್ತಾನೆ ಎಂದು ನೋಡುತ್ತಾರೆ. ಚೆಂಡು ಹಿಡಿಯುವಾಗ ಮುಖ ತಿರುಗಿಸಿದನಾ, ಕತ್ತರಿ ಹಿಡಿದಾಗ ನಾಲಿಗೆ ಹೊರಗೆ ಬಂತಾ, ಎರಡೇ ನಿಮಿಷಕ್ಕೆ ಸುಸ್ತಾದನಾ? ಅವನು ಎಲ್ಲಿ ಎಡವುತ್ತಿದ್ದಾನೆ ಎಂಬ ಸುಳಿವು ಸಿಗುವುದು ಅಲ್ಲೇ.

ಇದಕ್ಕೆ ಅಳತೆಯ ಪರೀಕ್ಷೆಗಳೂ ಇವೆ. ಕೈಕಾಲಿನ ಚಲನೆ ಅಳೆಯುವ ಬಿಒಟಿ-2 ಎಂಬುದು 4ರಿಂದ 21 ವರ್ಷದವರಿಗೆ. ಅಂಥದ್ದೇ ಮೂವ್‌ಮೆಂಟ್ ಎಬಿಸಿ-2 ಎಂಬುದು 3ರಿಂದ 16 ವರ್ಷದವರಿಗೆ. ಸೆನ್ಸರಿ ಪ್ರೊಫೈಲ್ ಎಂಬುದು ಸದ್ದು, ಸ್ಪರ್ಶಕ್ಕೆಲ್ಲ ಮಗು ಹೇಗೆ ಸ್ಪಂದಿಸುತ್ತದೆ ಎಂದು ತಂದೆತಾಯಿ ತುಂಬುವ ಪ್ರಶ್ನೆಪಟ್ಟಿ. ಇವೆಲ್ಲ ಹೊರದೇಶದಲ್ಲಿ ಹುಟ್ಟಿದವು, ಅಂಕಗಳ ಹೋಲಿಕೆಯೂ ಅಲ್ಲಿನ ಮಕ್ಕಳ ಜೊತೆ. ಹಾಗಾಗಿ ಬರೀ ಅಂಕ ನೋಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆಪಟ್ಟಿ ಇಂಗ್ಲಿಷ್‌ನಲ್ಲಿದ್ದರೆ ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಿ. ಸಂಕೋಚ ಬೇಡ. ಹೋಗುವ ಮುಂಚೆ ಒಂದು ವಾರ ಮನೆಯಲ್ಲಿ ನಡೆದಿದ್ದನ್ನು ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಳ್ಳಲು ಎಷ್ಟು ಹೊತ್ತಾಯಿತು, ಯಾವ ಸದ್ದಿಗೆ ಓಡಿದ, ಯಾವ ಹೊತ್ತಲ್ಲಿ ಆರಾಮಾಗಿದ್ದ. ಸಾಧ್ಯವಾದರೆ ಮೊಬೈಲಲ್ಲಿ ಎರಡು ಸಣ್ಣ ವಿಡಿಯೊ. ನನಗಂತೂ ಅಂಥ ಚೀಟಿ ಯಾವ ಅಂಕಪಟ್ಟಿಗಿಂತಲೂ ಹೆಚ್ಚು ಕೆಲಸಕ್ಕೆ ಬಂದಿದೆ.

ಹೆಸರಿನ ಭಯದ ಬಗ್ಗೆ. ಕೈಕಾಲಿನ ಹೊಂದಾಣಿಕೆ ವಯಸ್ಸಿಗಿಂತ ತುಂಬಾ ಹಿಂದಿದ್ದು, ದಿನದ ಕೆಲಸಕ್ಕೂ ಓದಿಗೂ ಅಡ್ಡಿಯಾದರೆ ಅದಕ್ಕೆ ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್) ಎನ್ನುತ್ತಾರೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 5–6ರಷ್ಟು ಮಂದಿಗೆ ಇದು ಇರುತ್ತದೆ. ಸದ್ದು, ಸ್ಪರ್ಶ ವಿಪರೀತವಾಗಿ ನಾಟುವಂಥ ಸೆನ್ಸರಿ ತೊಂದರೆಯನ್ನು ಮಾತ್ರ ವೈದ್ಯರ ಕೈಪಿಡಿ ಡಿಎಸ್‌ಎಂ-5 ಪ್ರತ್ಯೇಕ ಕಾಯಿಲೆ ಎಂದು ಪಟ್ಟಿ ಮಾಡಿಲ್ಲ. ಆಟಿಸಂನ ಲಕ್ಷಣಗಳಲ್ಲಿ ಅದೂ ಒಂದು ಅಷ್ಟೇ. ಸದ್ದಿಗೆ ಹೆದರುವ ಮಕ್ಕಳಿಗೆಲ್ಲ ಆಟಿಸಂ ಇರುವುದಿಲ್ಲ. ಒಂದೇ ಭೇಟಿಯಲ್ಲಿ ಹೆಸರು ಹೇಳಿ, ಆರು ತಿಂಗಳ ಪ್ಯಾಕೇಜಿಗೆ ಮುಂಗಡ ಕೇಳಿದರೆ ಎದ್ದು ಬನ್ನಿ. ಈ ವಾರ ಯಾವ ಕೆಲಸ ಕಲಿಸುತ್ತೀರಿ, ಮೂರು ತಿಂಗಳಿಗೆ ಏನು ಬದಲಾಗಬೇಕು ಎಂದು ಕೇಳಿ. ಒಳ್ಳೆಯ ಥೆರಪಿಸ್ಟ್ ಹತ್ತಿರ ಉತ್ತರ ಇರುತ್ತದೆ.

ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಕಣ್ಣು, ಕಿವಿ ಪರೀಕ್ಷೆ ಮುಗಿಸಿಕೊಳ್ಳಿ. ದಾವಣಗೆರೆಯಲ್ಲೇ ವಿಶೇಷಚೇತನರಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ ಇದೆ. ಸರ್ಕಾರಿ ಶಾಲೆ, ಅಂಗನವಾಡಿ ಮಕ್ಕಳಾದರೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆಯಲ್ಲಿ 18 ವರ್ಷದವರೆಗೆ ತಪಾಸಣೆ ಉಚಿತ.

ಅಲ್ಲಿಯವರೆಗೆ ಮನೆಯಲ್ಲಿ ರೊಟ್ಟಿ ಹಿಟ್ಟು ನಾದಲು ಕೊಡಿ. ಶೇಂಗಾ ಸುಲಿಯಲಿ. ತುಂಬಿದ ಬಿಂದಿಗೆ ಬೇಡ, ಸಣ್ಣ ಚೊಂಬಲ್ಲಿ ನೀರು ಹೊತ್ತು ಗಿಡಕ್ಕೆ ಹಾಕಲಿ. ಮಿಕ್ಸಿ ಹಾಕುವ ಮುಂಚೆ "ಈಗ ಸದ್ದು ಬರುತ್ತೆ ಕಣೋ" ಎಂದು ಹೇಳಿ. ಉಗುರನ್ನು ಸ್ನಾನವಾದ ಮೇಲೆ, ಮೆತ್ತಗಿರುವಾಗ ದಿನಕ್ಕೆರಡು ಬೆರಳಿನಂತೆ ಕತ್ತರಿಸಿ. ಗುಂಡಿಯಲ್ಲಿ ಕೊನೆಯ ಎಳೆತ ಮಾತ್ರ ಅವನದು, ಮೊದಲಿನದು ನಿಮ್ಮದು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆಯನ್ನೂ ಅವನಿಗೇ ಬಿಡಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಮೊದಲು ಬರುತ್ತಿದ್ದ ಕೆಲಸ ಈಗ ಬರದಿದ್ದರೆ, ಬೀಳುವುದು ಹೆಚ್ಚುತ್ತಾ ಹೋದರೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಹತ್ತುವಂತೆ ಎದ್ದರೆ, ಅದು ಸ್ನಾಯುವಿನ ಕಾಯಿಲೆಯ ಸೂಚನೆ ಇರಬಹುದು. ಆ ವಾರವೇ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಮೊಮ್ಮಗಳಿಗೆ 13 ತಿಂಗಳು. ಅಂಬೆಗಾಲು ಇಡಲೇ ಇಲ್ಲ, ಕೂತಲ್ಲೇ ಜರುಗಿ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಮುಂದೆ ಓದಿಗೆ ತೊಂದರೆ ಆಗುತ್ತದಾ?

ಉತ್ತರ: ಇಲ್ಲ ಅಜ್ಜಿ, ಅಷ್ಟಕ್ಕೇ ಹೆದರಬೇಡಿ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ ಶೇ. 4.3ರಷ್ಟು ಆರೋಗ್ಯವಂತ ಮಕ್ಕಳು ಅಂಬೆಗಾಲೇ ಇಟ್ಟಿರಲಿಲ್ಲ. ಸ್ವಂತ ನಡಿಗೆಗೆ ಹದಿನೇಳೂವರೆ ತಿಂಗಳವರೆಗೂ ಸಮಯವಿದೆ. ನೋಡಬೇಕಾದ್ದು ಎರಡೂ ಕೈ, ಎರಡೂ ಕಾಲನ್ನು ಸಮನಾಗಿ ಬಳಸುತ್ತಾಳಾ ಎಂದು. ಒಂದೇ ಕೈ ಚಾಚಿ ಇನ್ನೊಂದನ್ನು ಮುಷ್ಟಿ ಮಾಡಿಕೊಂಡೇ ಇದ್ದರೆ, ಅಥವಾ 18 ತಿಂಗಳಾದರೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಿ. ವಾಕರ್ ಮಾತ್ರ ತರಬೇಡಿ. ಚಾಪೆ ಹಾಸಿ, ಸ್ವಲ್ಪ ದೂರದಲ್ಲಿ ಸ್ಟೀಲ್ ಲೋಟ ಇಟ್ಟು ಕರೆಯಿರಿ.