ಎಂಜಿನ್ ಬದಲಿಸಿದ ಕಾರು ತಪಾಸಣೆಯಿಂದ ವಾಪಸ್ ಬಂದರೆ
ಅಪಘಾತವಾದ ಕಾರನ್ನು ರಿಪೇರಿ ಮಾಡಿಸಿ ದಾವಣಗೆರೆ ಆರ್‌ಟಿಒ ತಪಾಸಣೆಗೆ ಒಯ್ದರೂ ವಾಪಸ್ ಕಳುಹಿಸಿದ್ದೇಕೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಎಂಜಿನ್ ನಂಬರ್. ಗಾಡಿ ನೋಡದೆ ಖಚಿತವಾಗಿ ಹೇಳಲಾರೆ. ಬೇರೆ ಎಂಜಿನ್ ಹಾಕಿಸಿದ್ದೀರಿ, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಹಳೆಯ ನಂಬರೇ ಇದೆ.

ಮೊದಲು ಎಂಜಿನ್ ಮಾರಿದವರಿಂದ ಬಿಲ್ಲನ್ನೂ ಅದು ಯಾವ ಗಾಡಿಯದೆಂಬ ದಾಖಲೆಯನ್ನೂ ಪಡೆಯಿರಿ. ಗುಜರಿ ಅಂಗಡಿಯ ಬರೀ ಚೀಟಿಯನ್ನು ನಂಬಿ ಹೋಗಬೇಡಿ. ನಂತರ ಆರ್‌ಸಿ ಜೊತೆಗೆ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಅನ್ವಯ ಬದಲಾವಣೆ ದಾಖಲಿಸಲು ಅರ್ಜಿ ಕೊಡಿ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವನ್ನೂ ಇಟ್ಟುಕೊಳ್ಳಿ.

ಚಾಸಿ ನಂಬರ್ (ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ) ಮೇಲೆ ಪೇಂಟ್ ಕೂತಿದ್ದರೆ ಥಿನ್ನರ್‌ನಿಂದ ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ನೋಡಿ. ಅಕ್ಷರ ಅಳಿಸಿದ್ದರೆ ಗ್ಯಾರೇಜಿನಲ್ಲಿ ಹೊಸದಾಗಿ ಕೊರೆಸಲೇಬೇಡಿ, ಕಳ್ಳಗಾಡಿಯೆಂದು ಅನುಮಾನಿಸುತ್ತಾರೆ. ನೇರವಾಗಿ ಆರ್‌ಟಿಒ ಇನ್‌ಸ್ಪೆಕ್ಟರ್ ಗಮನಕ್ಕೆ ತನ್ನಿ. ವಿಮೆ, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಲಿ, ದೀಪಗಳೆಲ್ಲ ಉರಿಯಲಿ.